ಚಿಕ್ಕಿಯನ್ನು ಮುಟ್ಟದೆ ಸಾಕಿದ್ದು

ನಮ್ಮ ನಾಯಿ ಚಿಕ್ಕಿ ಮನೆಗೆ ಬಂದಾಗ ಅವಳಿಗೆ ಹೆಚ್ಚುಕಮ್ಮಿ ಎಂಟು ತಿಂಗಳು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಡಾಕ್ಟರು ಹಲ್ಲು ನೋಡಿ ಹೇಳಿದ ಅಂದಾಜು ಅದು. ಹಾಲುಹಲ್ಲು ಬಿದ್ದು ಕೋರೆಹಲ್ಲು ಪೂರ್ತಿ ಬಂದಿತ್ತು, ಇನ್ನೂ ಚೂರೂ ಸವೆದಿರಲಿಲ್ಲ. ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕಿದ್ದರು ಅನ್ನುವುದು ಬಿಟ್ಟರೆ ಅವಳನ್ನು ಬಿಡಿಸಿ ತಂದವರಿಗೂ ಬೇರೇನೂ ತಿಳಿದಿರಲಿಲ್ಲ. ಕುತ್ತಿಗೆಯ ಸುತ್ತ ಒಂದು ಬೆರಳಗಲ ಕೂದಲು ಇರಲಿಲ್ಲ.

ಬಂದವಳೇ ಮಂಚದಡಿ ನುಗ್ಗಿ ಗೋಡೆಗೆ ಬೆನ್ನು ಹಚ್ಚಿ ಕೂತಳು. ಜಪ್ಪಯ್ಯ ಅಂದರೂ ಈಚೆ ಬರಲಿಲ್ಲ. ನಾವೂ ಕರೆಯಲಿಲ್ಲ. ನೀರಿನ ಬಟ್ಟಲು, ಒಂದು ಹಳೇ ಕಂಬಳಿ ಮಂಚದ ಅಂಚಿಗೆ ತಳ್ಳಿ, ಆ ಕೋಣೆಯಲ್ಲಿ ಓಡಾಟ ಕಮ್ಮಿ ಮಾಡಿದೆವು. ಬಟ್ಟಲು ಸ್ಟೀಲಿನದು. ಅದರೊಳಗೆ ಫ್ಯಾನಿನ ನೆರಳು ತಿರುಗಿದರೆ ಅದಕ್ಕೂ ಬೆಚ್ಚುತ್ತಿದ್ದಳು. ಮಣ್ಣಿನ ಬೋಗುಣಿ ಇಟ್ಟ ಮೇಲೆ ರಾತ್ರಿ ಹೊತ್ತು ಲೊಚಲೊಚ ಅಂತ ಕುಡಿಯುವ ಸದ್ದು ಕೇಳತೊಡಗಿತು.

ಪೊರಕೆ ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಪಾಪ, ಯಾರೋ ಪೊರಕೆಯಲ್ಲಿ ಹೊಡೆದಿದ್ದಾರೆ.’ ಹೊಡೆದಿರಲೂಬಹುದು. ಆದರೆ ಅವಳು ಕೊಡೆಗೂ ಹೆದರುತ್ತಿದ್ದಳು, ಬಲೂನಿಗೂ, ಟೋಪಿ ಹಾಕಿಕೊಂಡ ನನಗೂ. ಇಷ್ಟರಲ್ಲೆಲ್ಲ ಹೊಡೆದವರು ಯಾರು? ನಾಯಿಮರಿ ಜಗತ್ತನ್ನು ‘ಇದು ಸರಿ, ಇದು ಮಾಮೂಲು’ ಅಂತ ಒಪ್ಪಿಕೊಳ್ಳುವ ಕಾಲ ಬಹಳ ಚಿಕ್ಕದು, ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಅಷ್ಟೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ, 1965ರಲ್ಲಿ ಇದನ್ನೆಲ್ಲ ಬರೆದಿಟ್ಟರು. ಆ ವಾರಗಳಲ್ಲಿ ಮನುಷ್ಯರನ್ನೇ ಕಾಣದ ಮರಿ, ಒಂದು ಏಟೂ ತಿನ್ನದೆ ಜೀವನಪೂರ್ತಿ ಹೆದರುಪುಕ್ಕಲಾಗಬಹುದು. ಹಾಗಾಗಿ ಚಿಕ್ಕಿಗೆ ಒಬ್ಬ ಖಳನಾಯಕನನ್ನು ಕಟ್ಟಿಕೊಡುವುದು ನಾನು ಬಿಟ್ಟೆ. ಅವಳು ನೋಡದೆ ಉಳಿದದ್ದನ್ನು ದೂರದಿಂದ ತೋರಿಸುವುದೇ ಕೆಲಸ ಅಂದುಕೊಂಡೆ.

ಆ ‘ದೂರ’ ಅನ್ನುವುದನ್ನು ಜನಕ್ಕೆ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಮನೆಗೆ ಬಂದವರಲ್ಲಿ ‘ನನಗೆ ನಾಯಿ ಅಂದ್ರೆ ಪ್ರಾಣ’ ಅನ್ನುವವರೇ ದೊಡ್ಡ ತಲೆನೋವು. ನಾಯಿ ಕಂಡರಾಗದವರು ಸುಮ್ಮನೆ ಕುರ್ಚಿ ಹಿಡಿದು ಕೂತಿರುತ್ತಾರೆ, ಚಿಕ್ಕಿಗೆ ಅಂಥವರೇ ಇಷ್ಟ. ಪ್ರಾಣ ಅನ್ನುವವರು ಮಂಡಿಯೂರಿ, ಕಣ್ಣಲ್ಲಿ ಕಣ್ಣಿಟ್ಟು, ತಿಂಡಿ ಹಿಡಿದ ಕೈ ಚಾಚುತ್ತಾರೆ.

ಕೈಯಲ್ಲಿ ತಿಂಡಿ ಹಿಡಿದು ಕರೆದಾಗ ಹೆದರಿದ ನಾಯಿಯ ಹಿಂಗಾಲು ನೋಡಿ. ಮುಂಗಾಲು, ಕುತ್ತಿಗೆ ಎಲ್ಲ ತಿಂಡಿಯ ಕಡೆ ಎಳೆದಿರುತ್ತವೆ, ಹಿಂಗಾಲು ಮಾತ್ರ ಇದ್ದಲ್ಲೇ ಊರಿರುತ್ತವೆ, ಓಡಲು ತಯಾರಾಗಿ. ಆಸೆಗೆ ಬಿದ್ದು ಹತ್ತಿರ ಬಂದು, ಬಾಯಿಗೆ ಹಾಕಿಕೊಂಡ ಕ್ಷಣ ‘ಅಯ್ಯೋ, ಎಲ್ಲಿ ಬಂದುಬಿಟ್ಟೆ’ ಅಂತ ಹೊಳೆಯುತ್ತದೆ. ಕೆಲವು ನಾಯಿಗಳು ಕಚ್ಚುವುದು ಆಗಲೇ. ಅದಕ್ಕೇ ನಾವು ತಿಂಡಿಯನ್ನು ಅವಳ ಹಿಂದಕ್ಕೆ ಎಸೆಯುತ್ತಿದ್ದೆವು. ಬೇಯಿಸಿದ ಕೋಳಿಯ ಚೂರು, ಕಿರುಬೆರಳ ಉಗುರಿನಷ್ಟು. ತಿನ್ನಲು ಅವಳು ನಮ್ಮಿಂದ ದೂರ ಹೋಗಬೇಕು. ಹೋದಾಗ ಮೈ ಸಡಿಲಾಗುತ್ತದೆ, ಮತ್ತೆ ತಿರುಗಿ ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು. ಆಮಿಷ ಒಡ್ಡಿ ಕರೆದಾಗ ಬಂದದ್ದಕ್ಕಿಂತ ಹತ್ತಿರ ಅವಳು ಹೀಗೆ ಬಂದಳು.

ತಿನ್ನುವುದೇ ಥರ್ಮಾಮೀಟರು ಕೂಡ. ಕೋಳಿ ಅಂದರೆ ಸಾಯುವವಳು ಬೀದಿಯಲ್ಲಿ ಅದೇ ಕೋಳಿಯನ್ನು ಮೂಸಿಯೂ ನೋಡಲಿಲ್ಲ ಅಂದರೆ ಭಯ ತಲೆಗೇರಿದೆ ಅಂತ, ತಿರುಗಿ ಮನೆಗೆ. ಅದಕ್ಕೂ ಮುಂಚೆ ಸಣ್ಣ ಸೂಚನೆಗಳಿರುತ್ತವೆ. ನಿದ್ದೆ ಬಾರದೆ ಆಕಳಿಸುವುದು, ಮುಂದೆ ತಿಂಡಿಯಿಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುವುದು. ನಾರ್ವೆಯ ನಾಯಿ ತರಬೇತುಗಾರ್ತಿ ಟೂರಿಡ್ ರುಗಾಸ್ ಇವನ್ನೆಲ್ಲ ಜನರ ಗಮನಕ್ಕೆ ತಂದವರಲ್ಲಿ ಮುಖ್ಯರು. ಒಮ್ಮೆ ಇವು ಕಣ್ಣಿಗೆ ಬೀಳತೊಡಗಿದರೆ, ಮಕ್ಕಳು ನಾಯಿಯನ್ನು ಅಪ್ಪಿಕೊಂಡ ‘ಮುದ್ದಾದ’ ವಿಡಿಯೋ ನೋಡುವುದೇ ಕಷ್ಟವಾಗುತ್ತದೆ.

ದತ್ತು ಕೊಡುವವರ ನಡುವೆ ಮೂರು-ಮೂರು-ಮೂರು ಅಂತ ಒಂದು ಲೆಕ್ಕ ಇದೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಹೊಂದಾಣಿಕೆ, ಮೂರು ತಿಂಗಳಿಗೆ ಮನೆಯವಳು. ಹೊಸಬರಿಗೆ ತಾಳ್ಮೆ ಬರಲಿ ಅಂತ ಹೇಳುತ್ತಾರೆ, ಸರಿ. ಆದರೆ ನನಗೆ ಅದು ಪರೀಕ್ಷೆಯ ಟೈಮ್‌ಟೇಬಲ್ಲಿನಂತೆ ಕಂಡಿತು. ಚಿಕ್ಕಿ ಯಾವ ಮೂರರಲ್ಲೂ ಪಾಸಾಗಲಿಲ್ಲ. ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಜಾರುತ್ತಿದ್ದಳು. ಬಾಗಿಲವರೆಗೆ ಆರಾಮಾಗಿ ಬರತೊಡಗಿದ್ದವಳು ಒಂದು ಸಂಜೆ ಜೋರು ಗುಡುಗಿಗೆ ಮತ್ತೆ ಮಂಚದಡಿ ಸೇರಿದಳು, ಆಮೇಲೆ ಬಹಳ ದಿನ ಕಾಲಿಂಗ್ ಬೆಲ್‌ಗೂ ನಡುಗಿದಳು.

ಆಗ ನನಗೆ ಸಮಾಧಾನ ಕೊಟ್ಟದ್ದು ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಗಳ ಕತೆ. ಊಟದ ಸೂಚನೆ ಸಿಕ್ಕರೇ ಜೊಲ್ಲು ಸುರಿಸಲು ಅವು ಕಲಿತ ಕತೆಯಲ್ಲ, ಪ್ರವಾಹದ್ದು. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ನೆರೆ ಬಂದಾಗ ಪ್ರಯೋಗಾಲಯದ ನಾಯಿಗೂಡುಗಳಿಗೆ ನೀರು ನುಗ್ಗಿತು, ನಾಯಿಗಳನ್ನು ಕಷ್ಟಪಟ್ಟು ಹೊರತಂದರು. ಕೆಲವಕ್ಕೆ ಕಲಿತದ್ದೆಲ್ಲ ಕೈಬಿಟ್ಟಿತ್ತು. ನಿಧಾನಕ್ಕೆ ಚೇತರಿಸಿಕೊಂಡಿದ್ದ ಒಂದು ನಾಯಿಯ ಕೋಣೆಗೆ ಬಾಗಿಲ ಸಂದಿಯಿಂದ ತುಸು ನೀರು ಹರಿಸಿದಾಗ ಅದು ಮತ್ತೆ ಮೊದಲಿನಂತೆ ಕಂಗಾಲಾಯಿತು. ಪ್ರಯೋಗ ಕ್ರೂರವೇ. ಆದರೆ ಹಳೇ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದು ಬರೆಯುತ್ತಾ ಹೋಗಬೇಕು ಅಂತ ನನಗೆ ಅರ್ಥವಾದದ್ದು ಅಲ್ಲಿಂದ. ಚಿಕ್ಕಿ ಹಟ ಮಾಡುತ್ತಿಲ್ಲ, ನಮ್ಮ ಶ್ರಮವೂ ನೀರುಪಾಲಾಗಿಲ್ಲ ಅನ್ನಿಸಿತು.

ಇನ್ನೊಂದು, ಹೆದರಿದಾಗ ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಅಂತ ಹೇಳುವವರಿದ್ದಾರೆ. ನಾನು ನಂಬುವುದಿಲ್ಲ. ಭಯ ಒಂದು ಭಾವನೆ, ಲಾಭಕ್ಕಾಗಿ ಹೂಡುವ ನಾಟಕವಲ್ಲ. ಗುಡುಗಿದಾಗ ಅವಳು ಪಕ್ಕಕ್ಕೆ ಬಂದು ಒರಗಿದರೆ ಒರಗಲು ಬಿಡುತ್ತೇನೆ.

ಹೊರಗೆ ಹೋಗುವಾಗ ಮಾತ್ರ ರಾಜಿ ಇಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕಾಲರಿನಿಂದ ತಲೆ ಕಳಚಿಕೊಳ್ಳುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಎದೆಗೆ ಹಾರ್ನೆಸ್, ಕತ್ತಿಗೆ ಕಾಲರ್, ಎರಡಕ್ಕೂ ಹಗ್ಗ. ಬಾಗಿಲು ತೆರೆಯುವ ಮುಂಚೆ ಎರಡೂ ಸಿಕ್ಕಿಸಿ ಆಗಿರಬೇಕು.

ಈಗಿನ ಜಗಳ ಉಗುರಿನದು. ಕತ್ತರಿ ಕಂಡರೆ ಪಾದ ಮಡಚಿ ಹೊಟ್ಟೆಯಡಿ ಇಟ್ಟುಕೊಳ್ಳುತ್ತಾಳೆ. ಹಿಡಿದು ಅದುಮಿ ಕತ್ತರಿಸುವ ಬದಲು ಒಂದು ಹಲಗೆಗೆ ಉಪ್ಪುಕಾಗದ ಅಂಟಿಸಿ ಓರೆಯಾಗಿ ಹಿಡಿದೆವು. ಅದರ ಮೇಲೆ ಪಂಜ ಎಳೆದರೆ ಕೋಳಿ. ಎರಡೇ ಸಲಕ್ಕೆ ಲೆಕ್ಕಾಚಾರ ಹಿಡಿದುಬಿಟ್ಟಳು. ಈಗ ಕೋಳಿ ಬೇಕೆನಿಸಿದಾಗ ತಾನೇ ಹಲಗೆಯ ಹತ್ತಿರ ಹೋಗಿ ಕರ್ರ್ ಕರ್ರ್ ಅಂತ ಉಜ್ಜುತ್ತಾಳೆ, ನಾವು ನೋಡದಿದ್ದರೆ ಇನ್ನೂ ಜೋರಾಗಿ. ಮುಂಗಾಲಿನ ನಾಲ್ಕು ಉಗುರೂ ಚೆನ್ನಾಗಿ ಸವೆದಿವೆ. ಒಳಬದಿಯ ಹೆಬ್ಬೆರಳಿನದು ಮಾತ್ರ ಹಲಗೆಗೆ ತಾಗುವುದೇ ಇಲ್ಲ, ಕೊಕ್ಕೆಯಾಗಿ ಬೆಳೆಯುತ್ತಿದೆ. ಅದಕ್ಕೇನು ಮಾಡುವುದು ಅಂತ ಯೋಚನೆ ನಡೆದಿದೆ.