ಮೊದಲ ಸುತ್ತಿನ ಸುಳ್ಳು

ಪುಣೆ, ಭಾನುವಾರ, 17 ನವೆಂಬರ್ 2024

ಬೆಳಿಗ್ಗೆ ಆರಕ್ಕೆ ಸಣಸ್ ಮೈದಾನಕ್ಕೆ ಬಂದಾಗ ಏಳೂ ಮಕ್ಕಳು ಚಳಿಗೆ ಕೈ ಉಜ್ಜುತ್ತ ನಿಂತಿದ್ದರು. ಹೆಚ್ಚಿನವರ ಮನೆಯವರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ತಮ್ಮತಮ್ಮಲ್ಲಿ ಮರಾಠಿ ಮಾತಾಡುವ ಮಕ್ಕಳಿಗೆ ದಣಿದಾಗ ಮಾತ್ರ ಕನ್ನಡವೇ ಬರುತ್ತದೆ: "ಯವ್ವಾ, ಸಾಕಾತು!"

ವಾಚುಗಳನ್ನೆಲ್ಲ ಬಿಚ್ಚಿಸಿ ನನ್ನ ಚೀಲಕ್ಕೆ ಹಾಕಿದೆ. 1,600 ಮೀಟರ್, ನಾಲ್ಕು ಸುತ್ತು, ಸುತ್ತಿಗೆ 100 ಸೆಕೆಂಡ್.

ಹದಿಮೂರರ ಹುಡುಗ ಓಡಿದ್ದು ಹೀಗೆ: 84, 97, 112, 118. ಮೊದಲೆರಡು ಸುತ್ತಿನಲ್ಲಿ 19 ಸೆಕೆಂಡ್ ಗಳಿಸಿ, ಕೊನೆಯ ಎರಡರಲ್ಲಿ 30 ಸೆಕೆಂಡ್ ಕಳೆದುಕೊಂಡ. "ಸರ, ಮೊದಲ್ನೇ ಸುತ್ತ ಭಾಳ ಹಗುರ ಇತ್ರಿ" ಅಂದ. ಇದ್ದದ್ದು ನಿಜವೇ. ಓಟದ ಮೊದಲ ಒಂದೆರಡು ನಿಮಿಷ ಉಸಿರೂ ಎದೆಬಡಿತವೂ ಕೆಲಸದ ಮಟ್ಟಕ್ಕೆ ಏರಿರುವುದಿಲ್ಲ. ಸ್ನಾಯು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೂ ಖರ್ಚು ಮಾಡುತ್ತ ಆ ಕೊರತೆ ತುಂಬುತ್ತಿರುತ್ತದೆ. ದಣಿವು ಬಂದು ಎಚ್ಚರಿಸುವ ಹೊತ್ತಿಗೆ 84ರ ಸುತ್ತು ಮುಗಿದೇ ಹೋಗಿರುತ್ತದೆ. ಧಾರವಾಡದಲ್ಲಿ ನಾನು ಓಡುವಾಗ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. "ಜೋರ್ ಓಡಲೇ" ಅನ್ನುವುದೊಂದೇ ಪಾಠ. ಎಷ್ಟು ಓಟ ಹಾಗೆ ಕೆಡಿಸಿಕೊಂಡೆನೋ, ನೆನೆದರೆ ಈಗಲೂ ಸಂಕಟ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ 100 ಮೀಟರಿಗೊಂದು ಕೋನ್ ಇಟ್ಟು, 25 ಸೆಕೆಂಡಿಗೊಂದು ಸೀಟಿ ಊದಿದೆ. ಸೀಟಿಗೆ ಸರಿಯಾಗಿ ಕೋನ್ ಪಕ್ಕ ಇರಬೇಕು. ಹಿಂದೆ ಬಿದ್ದವರು ಒಮ್ಮೆಗೇ ಎಗರಬಾರದು, ಮುಂದಿನ ಎರಡು ಕೋನ್‌ಗಳಲ್ಲಿ ಮೆಲ್ಲಗೆ ತುಂಬಿಕೊಳ್ಳಬೇಕು. ಆಮೇಲೆ ಒಂದು ಬಿಟ್ಟು ಒಂದಕ್ಕೆ ಸೀಟಿ, ಕೊನೆಗೆ ಸುತ್ತಿಗೊಂದೇ. ಸೀಟಿ ಇಲ್ಲದ ಆ ದೂರದಲ್ಲೇ ಕಾಲು ಕಲಿಯುತ್ತದೆ ಎಂದು ನನ್ನ ನಂಬಿಕೆ.

2020ರಲ್ಲಿ ಮೊನಾಕೊದಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ 5,000 ಮೀಟರನ್ನು 12 ನಿಮಿಷ 35.36 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ವಿಡಿಯೋ ಹೋದ ವಾರ ತೋರಿಸಿದ್ದೆ. ಸುತ್ತಿಗೆ 60 ಸೆಕೆಂಡ್ ಚಿಲ್ಲರೆ, ಟ್ರ್ಯಾಕಿನ ಅಂಚಿನಲ್ಲಿ ವೇಗ ತೋರಿಸುವ ದೀಪಗಳ ಸಾಲು. "ನಮಗೂ ಲೈಟ್ ಹಾಕಸ್ರಿ" ಎಂದು ಎಲ್ಲರಿಗಿಂತ ಚಿಕ್ಕವಳ ಹಟ. ಆದರೆ ಇವತ್ತು ವಾಚೂ ಸೀಟಿಯೂ ಇಲ್ಲದೆ 101, 100, 101, 99 ಓಡಿದ್ದು ಅವಳೇ! ಹೇಗವ್ವಾ ಅಂದರೆ, "ಉಸಿರು ಕೇಳ್ಕೋತ ಓಡಿದ್ನಿರಿ. ಮೂರ್ ಹೆಜ್ಜಿಗೆ ಒಳಗ, ಎರಡ್ ಹೆಜ್ಜಿಗೆ ಹೊರಗ. ಅದು ತಪ್ಪಿದ್ರ ಜೋರಾತು ಅಂತ ಗೊತ್ತಾಗ್ತದ." ನಾನು ಹೇಳಿಕೊಟ್ಟದ್ದಲ್ಲ. ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಹೊರಡುವ ಮುನ್ನ ಆ ಹುಡುಗ ಸೀಟಿಯಿಲ್ಲದೆ ಒಂದು ಸುತ್ತು ಕೇಳಿ ಓಡಿದ. ನಾನು ವಾಚು ನೋಡುವ ಮೊದಲೇ "ತೊಂಬತ್ತೆಂಟ್ರಿ" ಅಂದ. 93 ಇತ್ತು. ತುಟಿ ಕಚ್ಚಿಕೊಂಡು ಗೆರೆಯ ಕಡೆ ತಿರುಗಿದ. ಬುಧವಾರ ನೋಡೋಣ, ಇವತ್ತು ಕಾಲಿಗೆ ಸಾಕು ಅಂದೆ. ಸ್ವಾರಗೇಟ್ ಬಸ್ ಸ್ಟ್ಯಾಂಡ್‌ವರೆಗೂ ಮೂರು ಒಳಗೆ, ಎರಡು ಹೊರಗೆ ಎಣಿಸುತ್ತಲೇ ನಡೆದ.