ಭಾರತೀಸುತರನ್ನು ಓದಿಸಿದ ನಮ್ಮ ಮೇಷ್ಟ್ರು

ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದು 1984ರಲ್ಲಿ. ಕಾದಂಬರಿಕಾರ ಭಾರತೀಸುತರು ತೀರಿಕೊಂಡು ಆಗ ಎಂಟು ವರ್ಷ. ಅವರ ಹೆಸರು ಕೇಳದವರೂ ಅವರ ಕಥೆಗಳನ್ನು ಬಲ್ಲವರಾಗಿದ್ದೆವು, ಸಿನಿಮಾದಿಂದಾಗಿ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’, ದೊರೈ-ಭಗವಾನ್ ಜೋಡಿಯ ‘ಬಯಲುದಾರಿ’, ‘ಗಿರಿಕನ್ಯೆ’, ಆಮೇಲೆ ರಾಜ್‌ಕುಮಾರ್ ಕೊಡವ ಉಡುಪಿನಲ್ಲಿ ಕಾಣಿಸಿಕೊಂಡ ‘ಹುಲಿಯ ಹಾಲಿನ ಮೇವು’. ಇಷ್ಟೂ ಕಥೆ ಒಬ್ಬರದೇ, ಅವರು ನಮ್ಮ ಕೊಡಗಿನವರೇ ಎಂದು ತಿಳಿಸಿದವರು ನಮ್ಮ ಕನ್ನಡ ಮೇಷ್ಟ್ರು. ಪತ್ರಿಕೆಯಲ್ಲಿ ತಮ್ಮ ಹೆಸರು ಬರುವುದು ಅವರಿಗೆ ಎಂದೂ ಸೇರುತ್ತಿರಲಿಲ್ಲ. ಅದಕ್ಕೇ ಇಲ್ಲಿಯೂ ಬರೆಯುತ್ತಿಲ್ಲ.

ಎಸ್.ಆರ್. ನಾರಾಯಣರಾವ್ ಭಾರತೀಸುತರ ನಿಜನಾಮ. ಹುಟ್ಟಿದ್ದು 1915ರಲ್ಲಿ, ಕೊಡಗಿನಲ್ಲೇ. ಸ್ವಾತಂತ್ರ್ಯ ಚಳವಳಿಗೆ ಧುಮುಕಿದವರು, ಆಮೇಲೆ ಮಕ್ಕಳಿಗೆ ಪಾಠ ಹೇಳುತ್ತಲೇ ಕಾದಂಬರಿ ಬರೆದವರು. ಮೇಷ್ಟ್ರು ಒತ್ತಿ ಹೇಳುತ್ತಿದ್ದುದು ಇದನ್ನೇ. ಬರೆಯಲಿಕ್ಕೆ ಬೆಂಗಳೂರು, ಮೈಸೂರಿಗೆ ಹೋಗಬೇಕು, ಬೇರೆ ಕೆಲಸವೆಲ್ಲ ಬಿಡಬೇಕು ಅಂತ ನಮ್ಮ ತಲೆಯಲ್ಲಿತ್ತಲ್ಲ, ಅದನ್ನು ಅವರು ಬುಡಸಮೇತ ಕಿತ್ತು ಹಾಕಿದರು. ‘ಬೆಳಿಗ್ಗೆ ಹಾಜರಿ ಕೂಗಿದ ಮನುಷ್ಯನೇ ರಾತ್ರಿ ಕೂತು ಬರೆಯೋದು. ಹಾಜರಿ ಕೂಗುವಾಗ ಎದುರಿಗಿದ್ದ ಮುಖಗಳೇ ಬರಹಕ್ಕೆ ಬರೋದು’ ಎನ್ನುತ್ತಿದ್ದರು.

ನಮ್ಮಪ್ಪ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟ್ರಾಗಿದ್ದರು, ಅಂದರೆ ತೋಟದ ಲೆಕ್ಕ-ಹಾಜರಿ ಬರೆಯುವವರು. ಮೇಷ್ಟ್ರಿಗೆ ಅದು ಗೊತ್ತಾದದ್ದೇ ತಡ, ‘ನಿಮ್ಮಪ್ಪನ ಚೆಕ್‌ರೋಲ್ ಯಾವತ್ತಾದರೂ ಬಿಡಿಸಿ ನೋಡಿದ್ದೀಯೇನಮ್ಮಾ?’ ಎಂದರು. ದಿನಾ ಕಣ್ಣೆದುರಿಗಿದ್ದ ಹಾಜರಿ ಪುಸ್ತಕ ಅದು. ಉದ್ದನೆಯ ಹಾಳೆ, ಎಡಕ್ಕೆ ಆಳುಗಳ ಹೆಸರು, ಬಲಕ್ಕೆ ತಿಂಗಳ ಅಷ್ಟೂ ದಿನಗಳ ಚೌಕ. ಬಂದವರಿಗೆ ಒಂದು ಗೆರೆ, ಬಾರದವರಿಗೆ ಸೊನ್ನೆ. ಆ ಶನಿವಾರ ಮನೆಗೆ ಹೋದವಳು ಅದನ್ನು ಬಿಡಿಸಿ ಕೂತೆ. ಕೊಯ್ಲಿನ ಹೊತ್ತು, ಒಂದು ದಿನದ ಕೂಲಿಯನ್ನೂ ಯಾರೂ ಬಿಡದ ತಿಂಗಳು. ಅದರಲ್ಲಿ ಎರವ ಬುಡಕಟ್ಟಿನ ಒಬ್ಬ ಹೆಂಗಸಿನ ಹೆಸರಿನ ಮುಂದೆ ಸಾಲಾಗಿ ಸೊನ್ನೆ, ಆಮೇಲೆ ಅರ್ಧ ದಿನದ ಗುರುತು, ಮತ್ತೆ ಸೊನ್ನೆ. ಅಪ್ಪನನ್ನು ಕೇಳಿದೆ. ‘ಮಗುವಿಗೆ ಜ್ವರ. ಅರ್ಧ ದಿನ ಬಂದದ್ದು ಔಷಧಿಯ ದುಡ್ಡಿಗೆ’ ಎಂದರು.

ಅದನ್ನೇ ಎರಡು ಪುಟ ಬರೆದು ಕೊಟ್ಟೆ. ಮೇಷ್ಟ್ರು ಮೊದಲ ಪ್ಯಾರಾಕ್ಕೆ ಉದ್ದಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಮಂಜು ತೆಗಿ, ಜ್ವರ ಇಡು’ ಎಂದು ಬರೆದಿದ್ದರು. ಕ್ಲಾಸಿನಲ್ಲಿ ಎಲ್ಲರ ಹಾಳೆಯಲ್ಲೂ ಮೊದಲ ಪ್ಯಾರಾ ಮಂಜು, ಬೆಟ್ಟ, ಕಾಫಿ ಹೂವಿನ ಪರಿಮಳವೇ. ಎಲ್ಲರದಕ್ಕೂ ಅದೇ ಕೆಂಪು ಗೆರೆ. ಕೊಡಗನ್ನು ನೋಡಿ ಹೋಗುವವರು ಮಂಜು ಬರೆಯಲಿ, ಇಲ್ಲಿ ಬದುಕುವವರು ಬದುಕು ಬರೆಯಬೇಕು ಅನ್ನುವುದು ಅವರ ಗಟ್ಟಿ ನಿಲುವು. ಹೂವು ಬೇಡ ಅಂತಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಆ ಮಳೆ ಬಾರದಿದ್ದರೆ ಯಾರ ಮನೆಯಲ್ಲಿ ಏನಾಗುತ್ತೆ ಅಂತ ಗೊತ್ತಿದ್ದವರು ಮಾತ್ರ ಹೂವಿನ ಸುದ್ದಿಗೆ ಹೋಗಬಹುದು ಎನ್ನುತ್ತಿದ್ದರು. ನನಗೆ ಈಗಲೂ ಇದರಷ್ಟು ಸರಿಯಾದ ಮಾತು ಬರಹದ ವಿಷಯದಲ್ಲಿ ಸಿಕ್ಕಿಲ್ಲ.

‘ಎಡಕಲ್ಲು ಗುಡ್ಡದ ಮೇಲೆ’ ಪಾಠವಾದ ದಿನಗಳಲ್ಲಿ ಕ್ಲಾಸು ಎರಡು ಹೋಳಾಯಿತು. ಎಡಕಲ್ಲು ಇರುವುದು ನಮ್ಮ ಕೊಡಗಿನ ಕುಟ್ಟದ ಗಡಿಯಾಚೆ, ಕೇರಳದ ವಯನಾಡಿನಲ್ಲಿ. ಪ್ರಾಚೀನ ಕಾಲದ ಗೀರುಚಿತ್ರಗಳಿರುವ ಬಂಡೆಗಳ ಗುಡ್ಡ. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡ, ಹರೆಯದ ಹೆಂಡತಿ ಮಾಧವಿ, ಅವಳ ಮೈಮನಸ್ಸಿನ ಹಸಿವು. ಮನೆಗೊಬ್ಬರು ಮಿಲಿಟರಿಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಈ ಕಥೆ ದೂರದ್ದಲ್ಲ. ಹುಡುಗರು ಮಾಧವಿಯದು ತಪ್ಪು ಎಂದು ಎದ್ದು ನಿಂತರು. ಹುಡುಗಿಯರಲ್ಲಿ ಕೆಲವರು ತಲೆ ತಗ್ಗಿಸಿದರು, ಒಬ್ಬಳು ಮಾತ್ರ ‘ಹಾಗಾದರೆ ಅವಳು ಏನು ಮಾಡಬೇಕಿತ್ತು ಸರ್?’ ಎಂದು ಕೇಳಿಯೇಬಿಟ್ಟಳು. ಮೇಷ್ಟ್ರು ಉತ್ತರ ಕೊಡಲಿಲ್ಲ. ಈ ಪ್ರಶ್ನೆಯನ್ನು ಕೇಳುವ ಹಾಗೆ ಮಾಡುವುದೇ ಕಾದಂಬರಿಕಾರನ ಕೆಲಸ, ತೀರ್ಪು ಕೊಡಲಿಕ್ಕೆ ಕೋರ್ಟು ಇದೆ, ಊರಿನ ಬಾಯಿಯೂ ಇದೆ ಎಂದರು. ಸಿನಿಮಾದಲ್ಲಿ ಜಯಂತಿಯವರ ಮುಖ ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ. ಪುಸ್ತಕದಲ್ಲಿ ಆ ಮುಖವೂ ಇಲ್ಲ, ಬರೀ ಮಾತಿನಲ್ಲಿ ಓದುಗರನ್ನು ಅವಳ ಪಕ್ಕ ಕೂರಿಸಬೇಕು. ಕಷ್ಟ ಇರುವುದು ಅಲ್ಲಿ.

ಕಥೆಗಾರ್ತಿ ಕೊಡಗಿನ ಗೌರಮ್ಮನವರ ಬಗ್ಗೆ ಮಾತಾಡುವಾಗ ಮಾತ್ರ ಮೇಷ್ಟ್ರ ದನಿ ಬದಲಾಗುತ್ತಿತ್ತು. 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿಗೆ ತಮ್ಮ ಒಡವೆ ಬಿಚ್ಚಿಕೊಟ್ಟ ಆ ಹೆಣ್ಣುಮಗಳು 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಾಗ ವಯಸ್ಸು ಇನ್ನೂ ಇಪ್ಪತ್ತೇಳು. ಕಥೆಗಳನ್ನಷ್ಟೇ ಬಿಟ್ಟುಹೋದರು. ಬದುಕಿದ್ದರೆ ಕಾದಂಬರಿಗೂ ಕೈಹಾಕುತ್ತಿದ್ದರು ಎಂದು ಮೇಷ್ಟ್ರು ನಂಬಿದ್ದರು. ನಾನೂ ನಂಬುತ್ತೇನೆ.

ನಮ್ಮ ಕಾಲದಲ್ಲಿ ಲೈಬ್ರರಿಯಲ್ಲಿದ್ದ ಭಾರತೀಸುತರ ಪುಸ್ತಕಗಳಿಗೆ ಕೈಯಿಂದ ಕೈಗೆ ಹೋಗಿ ಹೋಗಿ ಬೈಂಡೇ ಉಳಿದಿರಲಿಲ್ಲ. ಮಾರುಕಟ್ಟೆಯಲ್ಲಿ ಸಿಕ್ಕಷ್ಟು ಪ್ರತಿಗಳನ್ನು ಕೊಂಡು ಈ ಲೇಖನದ ಜೊತೆಗೇ ನಾನು ಓದಿದ ಕಾಲೇಜಿಗೆ ಕಳಿಸುತ್ತಿದ್ದೇನೆ. ಗಾಜಿನ ಬೀರುವಿಗೆ ಬೀಗ ಹಾಕಿ ಇಡಬೇಡಿ ಎಂದು ಲೈಬ್ರರಿಯನ್ ಅವರಲ್ಲಿ ವಿನಂತಿ. ಅಲ್ಲಿನ ವಿದ್ಯಾರ್ಥಿಗಳೇ, ಮೊದಲು ‘ಗಿರಿಕನ್ಯೆ’ ಸಿನಿಮಾದ ಮೂಲ ಕಾದಂಬರಿ ‘ಗಿರಿಕನ್ನಿಕೆ’ ಓದಿ, ಆಮೇಲೆ ‘ಎಡಕಲ್ಲು ಗುಡ್ಡದ ಮೇಲೆ’. ಓದಿದ ಮೇಲೆ ಮಾಧವಿಯ ಬಗ್ಗೆ ಕ್ಲಾಸಿನಲ್ಲಿ ಜೋರಾಗಿಯೇ ಜಗಳವಾಡಿ.