ಒಂದು ಹಕ್ಕಿ ಬಡಿದರೆ ಪೈಲಟ್ ವಿಮಾನ ಬಿಟ್ಟು ಹಾರಬೇಕೇ?

ತರಬೇತಿ ಜೆಟ್ ಬಿದ್ದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ: "ಬಡಿದದ್ದು ಒಂದು ಹಕ್ಕಿ. ಅಷ್ಟಕ್ಕೇ ಕೋಟಿಗಟ್ಟಲೆ ಬೆಲೆಯ ವಿಮಾನ ಬಿಟ್ಟು ಹಾರಿಬಿಡೋದಾ? ತಿರುಗಿಸಿಕೊಂಡು ಬಂದು ಇಳಿಸಬಹುದಿತ್ತಲ್ಲ?"

ಎತ್ತರವಿದ್ದರೆ ಇಳಿಸಬಹುದು, ಎಷ್ಟೋ ಸಲ ಇಳಿಸಿದ್ದಾರೆ ಕೂಡ. ಆದರೆ ಹಕ್ಕಿಗಳು ಬಡಿಯುವುದು ಹೆಚ್ಚಾಗಿ ನೆಲಕ್ಕೆ ಹತ್ತಿರದಲ್ಲಿ, ವಿಮಾನ ಏರುವಾಗ ಇಲ್ಲವೇ ಇಳಿಯುವಾಗ. ಅಲ್ಲಿ ಎಂಜಿನ್ ಕೈಕೊಟ್ಟರೆ ಉಳಿಯುವುದು ಕೆಲವೇ ಸೆಕೆಂಡು.

ಮೊದಲು ಹೊಡೆತದ ಲೆಕ್ಕ. 800 ಗ್ರಾಂ ತೂಗುವ ಹದ್ದು 250 ನಾಟ್ (ಗಂಟೆಗೆ ಸುಮಾರು 460 ಕಿ.ಮೀ.) ವೇಗದ ವಿಮಾನಕ್ಕೆ ಬಡಿದರೆ ಸುಮಾರು 6,600 ಜೂಲ್ ಶಕ್ತಿ. 50 ಕಿಲೋ ಸಿಮೆಂಟ್ ಮೂಟೆ ನಾಲ್ಕನೇ ಮಹಡಿಯಿಂದ ಬಿದ್ದಂತೆ. ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು.

ಅಷ್ಟಾದರೂ ಎಂಜಿನ್ ಒಡೆದೇ ಹೋಗಬೇಕೆಂದೇನಿಲ್ಲ. ಗಾಳಿಯನ್ನು ಒಳಗೆಳೆದು ಒತ್ತುವ ಕಂಪ್ರೆಸರ್ ಬ್ಲೇಡುಗಳು ಸ್ವಲ್ಪ ಬಾಗಿದರೂ ಸಾಕು, ಒಳಗಿನ ಗಾಳಿಯ ಹರಿವು ಕೆಡುತ್ತದೆ. ಇದಕ್ಕೆ ಕಂಪ್ರೆಸರ್ ಸ್ಟಾಲ್ ಅನ್ನುತ್ತಾರೆ. ಢಮ್ ಎಂಬ ಸದ್ದು, ನಡುಕ, ಟರ್ಬೈನ್ ಉಷ್ಣಾಂಶ ಏರುತ್ತದೆ, ತಳ್ಳುಬಲ ಕುಸಿಯುತ್ತದೆ. ಥ್ರಾಟಲ್ ಹಿಂದಕ್ಕೆಳೆದು, ಉಷ್ಣಾಂಶ ಇಳಿದ ಮೇಲೆ ಮೆಲ್ಲಗೆ ಮುಂದೊತ್ತಿದರೆ ಎಂಜಿನ್ ಚೇತರಿಸಿಕೊಳ್ಳಬಹುದು. ಅದಕ್ಕೆ ಎತ್ತರ ಬೇಕು.

ಕೆನಡಾದ ಕ್ಯಾಮ್ಲೂಪ್ಸ್‌ನಲ್ಲಿ 2020ರ ಮೇ 17ರಂದು ಆದದ್ದು ಇದೇ. ಅಲ್ಲಿನ ವಾಯುಪಡೆಯ ಪ್ರದರ್ಶನ ತಂಡವಾದ ಸ್ನೋಬರ್ಡ್ಸ್‌ನ ಟ್ಯೂಟರ್ ಜೆಟ್, ಅಂದರೆ ಹಳೆಯ ಒಂಟಿ ಎಂಜಿನ್ ತರಬೇತಿ ವಿಮಾನ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಒಂದು ಹಕ್ಕಿಯನ್ನು ಎಳೆದುಕೊಂಡಿತು. ಹಕ್ಕಿಯಿಂದಾದ ಹಾನಿ ಎಂಜಿನ್ ಪೂರ್ತಿ ಕೆಡುವಷ್ಟಿರಲಿಲ್ಲ, ಆದರೆ ಅದರಿಂದಾದ ಕಂಪ್ರೆಸರ್ ಸ್ಟಾಲ್ ಕೊನೆವರೆಗೂ ಬಿಡಲಿಲ್ಲ ಎಂದು ತನಿಖೆ ಹೇಳಿತು. ಪೈಲಟ್ ವಿಮಾನವನ್ನು ಮೇಲೆತ್ತಿ ಎಡಕ್ಕೆ ತಿರುಗಿಸಿದರು. ವೇಗ ಕರಗಿತು, ರೆಕ್ಕೆಗಳೂ ಸ್ಟಾಲ್ ಆದವು, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಂಡವು, ಮೂಗು ನೆಲದತ್ತ ಮುಖ ಮಾಡಿತು. ಇಬ್ಬರೂ ಇಜೆಕ್ಟ್ ಆದರು, ಅಂದರೆ ಸೀಟಿನ ಸಮೇತ ಹೊರಕ್ಕೆ ಚಿಮ್ಮಿದರು, ಆದರೆ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಜೊತೆಗಿದ್ದ ಅಧಿಕಾರಿ ತೀರಿಕೊಂಡರು, ಪೈಲಟ್ ತೀವ್ರವಾಗಿ ಗಾಯಗೊಂಡರು.

ಬೀದರ್ ವಾಯುನೆಲೆಯಲ್ಲಿ ಹಾರುವ ಹಾಕ್ ತರಬೇತಿ ವಿಮಾನದ್ದು (ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ್ದು) ಟ್ಯೂಟರ್‌ಗಿಂತ ಹೊಸ ಪೀಳಿಗೆಯ ಮಾರ್ಟಿನ್ ಬೇಕರ್ ಕಂಪನಿಯ ಇಜೆಕ್ಷನ್ ಸೀಟು. ಇದು 'ಜೀರೋ-ಜೀರೋ' (ಎತ್ತರ ಸೊನ್ನೆ, ವೇಗ ಸೊನ್ನೆ) ಸೀಟು: ವಿಮಾನ ರನ್‌ವೇ ಮೇಲೆ ನಿಂತಿದ್ದರೂ ಕೆಲಸ ಮಾಡುತ್ತದೆ. ತೊಡೆಗಳ ನಡುವಿನ ಹಳದಿ-ಕಪ್ಪು ಪಟ್ಟೆಯ ಹಿಡಿಯನ್ನು ಎಳೆದರೆ ಸಾಕು. ಬೆಲ್ಟು ಭುಜಗಳನ್ನು ಸೀಟಿಗೆ ಬಿಗಿಯುತ್ತದೆ, ಸೀಟು ಹಳಿಯ ಮೇಲೆ ಏರುತ್ತಿದ್ದಂತೆ ಕ್ಯಾನೊಪಿಗೆ (ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಅಂಟಿಸಿದ ಸ್ಫೋಟಕ ಎಳೆ ಅದನ್ನು ಚೂರು ಮಾಡುತ್ತದೆ, ಪಟ್ಟಿಗಳು ಕಾಲುಗಳನ್ನು ಹಿಂದಕ್ಕೆಳೆದು ಹಿಡಿಯುತ್ತವೆ, ಆಮೇಲೆ ಸೀಟಿನಡಿಯ ರಾಕೆಟ್. ಹಿಂದಿನ ಸೀಟು ಮೊದಲು, ಮುಂದಿನದು ಆಮೇಲೆ. ಇಲ್ಲದಿದ್ದರೆ ಮುಂದಿನ ರಾಕೆಟ್ಟಿನ ಬೆಂಕಿ ಹಿಂದಿನವರಿಗೆ ತಾಗುತ್ತದೆ.

'ಜೀರೋ-ಜೀರೋ' ಎಂಬ ಮಾತನ್ನು ಜನ ಪೂರ್ತಿ ಭರವಸೆ ಎಂದು ತಿಳಿಯುತ್ತಾರೆ. ಆ ಲೆಕ್ಕ ವಿಮಾನ ಕೆಳಗಿಳಿಯದೆ, ವಾಲದೆ ಇದ್ದಾಗಿನದು. ನಿಮಿಷಕ್ಕೆ 3,000 ಅಡಿಯಂತೆ ಇಳಿಯುತ್ತಿದ್ದರೆ ಸೆಕೆಂಡಿಗೆ 50 ಅಡಿ ಹೋಗುತ್ತದೆ. ಎರಡು ಸೆಕೆಂಡು ಅನುಮಾನಿಸಿದರೆ 100 ಅಡಿ ಹೋಯಿತು. ರಾಕೆಟ್ ಮೊದಲು ಆ ಇಳಿತವನ್ನು ತಡೆಯಬೇಕು, ಆಮೇಲೆ ಎತ್ತಬೇಕು. ರೆಕ್ಕೆ 90 ಡಿಗ್ರಿ ವಾಲಿದ್ದರೆ ರಾಕೆಟ್ ಮೇಲಕ್ಕಲ್ಲ, ಪಕ್ಕಕ್ಕೆ ತಳ್ಳುತ್ತದೆ. ರನ್‌ವೇಗೆ ಹಿಂತಿರುಗುವ ತಿರುವು ಅಪಾಯವಾಗುವುದು ಇದಕ್ಕೇ: ವೇಗವನ್ನೂ ಎತ್ತರವನ್ನೂ ತಿನ್ನುತ್ತದೆ, ಮೇಲಾಗಿ ವಿಮಾನವನ್ನು ವಾಲಿಸುತ್ತದೆ. ಒಟ್ಟಿಗೆ ಇರಬಾರದ ಮೂರೂ ಒಟ್ಟಾಗುತ್ತವೆ.

ಸರಿಯಾದ ಕ್ರಮ ಬೇರೆ. ವೇಗವಿದ್ದರೆ ಮೂಗೆತ್ತಿ ಅದನ್ನು ಎತ್ತರವಾಗಿಸಿಕೊಳ್ಳಬೇಕು. 300 ನಾಟ್‌ನಿಂದ 200ಕ್ಕೆ ಇಳಿದರೆ ಕಾಗದದ ಮೇಲೆ 2,200 ಅಡಿ ಸಿಗುತ್ತದೆ, ಗಾಳಿಯ ತಡೆಯಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಏರುವಾಗಲೇ ಥ್ರಾಟಲ್ ಕೆಲಸ ಮುಗಿಸಿ, ರೆಕ್ಕೆ ಸಮವಿಟ್ಟು, ಜನವಸತಿ ಇಲ್ಲದ ದಿಕ್ಕಿಗೆ ಮೂಗು ಮಾಡಿ, ಎಂಜಿನ್ ಏಳದಿದ್ದರೆ ವಿಮಾನ ಇಳಿಯತೊಡಗುವ ಮೊದಲೇ ಹಿಡಿ ಎಳೆಯಬೇಕು. ಎಷ್ಟು ಎತ್ತರದ ಕೆಳಗೆ ಪ್ರಯತ್ನ ಬಿಡಬೇಕು ಎಂಬುದನ್ನು ಟೇಕಾಫ್‌ಗೆ ಮುಂಚೆಯೇ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಬೇಕು. ಗಾಳಿಯಲ್ಲಿ ಚರ್ಚೆಗೆ ಸಮಯವಿಲ್ಲ.

ಇಳಿಯುವಾಗ ಬಡಿದರೆ ಈ ವೇಗವೂ ಇರುವುದಿಲ್ಲ. 2021ರ ಸೆಪ್ಟೆಂಬರ್ 19ರಂದು ಟೆಕ್ಸಸ್‌ನ ಫೋರ್ಟ್ ವರ್ತ್ ಬಳಿ ಅಮೆರಿಕ ನೌಕಾಪಡೆಯ ಟಿ-45 ಜೆಟ್‌ಗೆ ಹಾಗಾಯಿತು. ಅದು ಹಾಕ್‌ನದೇ ನೌಕಾಪಡೆ ರೂಪ. ಇಬ್ಬರೂ ಹಾರಿ ಬದುಕಿದರು, ಒಬ್ಬರ ಪ್ಯಾರಾಚೂಟ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿತು, ವಿಮಾನ ಮನೆಗಳ ನಡುವೆ ಬಿತ್ತು. ಬೇಗ ಹಾರಿದರೂ ನೆಲದ ಮೇಲಿನವರಿಗೆ ಅಪಾಯ ತಪ್ಪುವುದಿಲ್ಲ. ಹಾಗಾಗಿ ಹಕ್ಕಿಗಳನ್ನು ದೂರವಿಡುವುದೇ ದೊಡ್ಡ ಕೆಲಸ: ಹುಲ್ಲಿನ ಎತ್ತರ, ನಿಂತ ನೀರು, ಎಲ್ಲಕ್ಕಿಂತ ಹೆಚ್ಚಾಗಿ ಕಸ ಮತ್ತು ಮಾಂಸದ ತ್ಯಾಜ್ಯ. 2023ರ ಏರೋ ಇಂಡಿಯಾ ಹೊತ್ತಿಗೆ ಯಲಹಂಕ ವಾಯುನೆಲೆಯ 10 ಕಿ.ಮೀ. ಸುತ್ತ ಮಾಂಸ ಮಾರಾಟ ನಿಲ್ಲಿಸಿದ್ದು ಹದ್ದುಗಳ ಕಾರಣಕ್ಕೇ. ತರಬೇತಿ ಹಾರಾಟ ವರ್ಷವಿಡೀ ನಡೆಯುತ್ತದೆ, ಆದ್ದರಿಂದ ತ್ಯಾಜ್ಯದ ವಿಲೇವಾರಿಯೂ ವರ್ಷವಿಡೀ ಸರಿಯಾಗಿರಬೇಕು.

ನಮ್ಮಲ್ಲಿ ಇಜೆಕ್ಟ್ ಆದವರ ಬಳಿಗೆ ಮೊದಲು ಓಡಿಬರುವುದು ಹೆಚ್ಚಾಗಿ ಹೊಲದಲ್ಲಿರುವ ಜನ. ಪೈಲಟ್ ಮಾತಾಡುತ್ತಿದ್ದರೂ ಎಬ್ಬಿಸಿ ಕೂರಿಸಬೇಡಿ. ಸೀಟಿನ ಒದೆತಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಗಾಳಿಗೆ ಪ್ಯಾರಾಚೂಟ್ ಎಳೆದಾಡದಂತೆ ಬಟ್ಟೆಯನ್ನು ಒತ್ತಿ ಹಿಡಿಯಿರಿ. ದೂರದಲ್ಲಿ ಬಿದ್ದ ಸೀಟನ್ನು ಮುಟ್ಟಬೇಡಿ, ಅದರಲ್ಲಿ ಸಿಡಿಯದ ಕಾರ್ಟ್ರಿಜ್ ಉಳಿದಿರಬಹುದು.